ವಚನ ಓದಿ ಸತ್ಯವೇದ ಮುಚ್ಚಿದರೆ ಪ್ರಸಂಗವಾದೀತೇ?

ಪ್ರಶ್ನೆ: ನಮ್ಮ ಸಭೆಯಲ್ಲಿ ಹಾಡು, ಸಾಕ್ಷಿ, ಪ್ರಕಟಣೆ ಎಲ್ಲ ಮುಗಿಯುವಷ್ಟರಲ್ಲಿ ಪ್ರಸಂಗಕ್ಕೆ ಹತ್ತು ನಿಮಿಷ ಉಳಿದರೆ ಹೆಚ್ಚು. ಒಂದು ವಚನ ಓದಿ ಸತ್ಯವೇದ ಮುಚ್ಚುತ್ತಾರೆ. ಮಿಕ್ಕದ್ದೆಲ್ಲ ಕಥೆ, ವಾಟ್ಸಾಪ್‌ನಲ್ಲಿ ಬಂದ ಮಾತು. ಕೇಳಿದರೆ ‘ಈಗಿನ ಕಾಲದ ಜನಕ್ಕೆ ಇಷ್ಟೇ ಸಾಕಮ್ಮ’ ಎನ್ನುತ್ತಾರೆ ಹಿರಿಯರು. ನಾನು ಕೇಳುತ್ತಿರುವುದು ಅತಿಯಾಯಿತೇ?
– ಓದುಗರೊಬ್ಬರು, ಗದಗ

ಉತ್ತರ: ಖಂಡಿತ ಇಲ್ಲ ತಾಯಿ. ಸಭೆ ನಿಮಗೆ ಕೊಡಲೇಬೇಕಾದದ್ದನ್ನೇ ಕೇಳುತ್ತಿದ್ದೀರಿ.

ಹೊಸ ವರ್ಷದ ಆರಾಧನೆಯಲ್ಲಿ ಹಂಚುವ ವಾಗ್ದಾನದ ಕಾರ್ಡು ನಿಮ್ಮ ಮನೆಯಲ್ಲೂ ಇರಬಹುದು. ಯೆರೆಮೀಯ 29ನೆಯ ಅಧ್ಯಾಯದ 11ನೆಯ ವಚನ ಅವುಗಳಲ್ಲಿ ಮತ್ತೆ ಮತ್ತೆ ಬರುತ್ತದೆ. ನಿಮ್ಮ ವಿಷಯದಲ್ಲಿ ದೇವರ ಆಲೋಚನೆ ಹಿತವಾದದ್ದು ಎಂಬುದು ಅದರ ತಾತ್ಪರ್ಯ. ಅದೊಂದನ್ನೇ ಓದಿದವರಿಗೆ ಈ ವರ್ಷವೇ ಕೆಲಸ ಸಿಗುತ್ತದೆ, ಸಾಲ ತೀರುತ್ತದೆ ಅನ್ನಿಸುವುದು ಸಹಜ. ಅದರ ಹಿಂದಿನ ವಚನ ನೋಡಿ: ಬಾಬೆಲಿನಲ್ಲಿ 70 ವರ್ಷ ತುಂಬಿದ ಮೇಲೆ ಎಂದಿದೆ. ಸೆರೆಯಾಗಿ ಹೋದವರಿಗೆ ಪ್ರವಾದಿ ಬರೆದ ಪತ್ರ ಅದು. ಅಲ್ಲಿಯೇ ಮನೆ ಕಟ್ಟಿಕೊಳ್ಳಿ, ತೋಟ ಮಾಡಿ, ಮಕ್ಕಳ ಮದುವೆ ಮಾಡಿ, ಸೆರೆಯಾಗಿ ಬಂದಿರುವ ಆ ಊರಿನ ಕ್ಷೇಮಕ್ಕೇ ಪ್ರಾರ್ಥಿಸಿ ಎಂದು ಹೇಳುತ್ತದೆ. ಅದನ್ನು ಕೇಳಿಸಿಕೊಂಡ ಎಷ್ಟೋ ಮಂದಿಗೆ ಯೆರೂಸಲೇಮನ್ನು ಮತ್ತೆ ನೋಡುವ ಆಸೆಯೂ ಉಳಿಯುವಂತಿರಲಿಲ್ಲ. ಇನ್ನೊಂದು ಅಧ್ಯಾಯ ಹಿಂದೆ ಹೋದರೆ ಹನನ್ಯ ಸಿಗುತ್ತಾನೆ. ಎರಡೇ ವರ್ಷದಲ್ಲಿ ಎಲ್ಲ ಸರಿಹೋಗುತ್ತದೆ ಎಂದು ದೇವಾಲಯದಲ್ಲಿ ಜನರೆದುರು ಸಾರಿ, ಯೆರೆಮೀಯನ ಹೆಗಲ ಮೇಲಿದ್ದ ನೊಗವನ್ನು ತೆಗೆದು ಮುರಿದವನು ಅವನು. ಕೇಳಲು ಹಿತವಾಗಿದ್ದದ್ದು ಹನನ್ಯನ ಮಾತೇ, ಆದರೆ ಅದು ಸುಳ್ಳು.

ಮಗ ಓದು ಮುಗಿಸಿಯೂ ಕೆಲಸವಿಲ್ಲದೆ ಕೂತಿರುವ ಮನೆಗೆ ಇದರಲ್ಲಿ ಯಾವುದು ಬೇಕು? ಬರೀ ಕಾರ್ಡು ನಂಬಿದವರಿಗೆ ಯುಗಾದಿಯ ಹೊತ್ತಿಗೇ ದೇವರು ಮಾತು ತಪ್ಪಿದನೇನೋ ಎಂಬ ಅನುಮಾನ ಶುರುವಾಗುತ್ತದೆ. ಇಡೀ ಪತ್ರ ತಿಳಿದವರು ಕಾಯುತ್ತಾ ಬದುಕು ಕಟ್ಟಿಕೊಳ್ಳುತ್ತಾರೆ. ಈ ವ್ಯತ್ಯಾಸವನ್ನು ಪ್ರಸಂಗವಲ್ಲದೆ ಇನ್ನಾವುದು ತೋರಿಸಬೇಕು? ಅದಕ್ಕೇ ಇದು ನನಗೆ ಸಣ್ಣ ವಿಷಯವಾಗಿ ಕಾಣುವುದಿಲ್ಲ.

ನಿಮ್ಮ ಹಿರಿಯರಿಗೆ ನೆಹೆಮೀಯ 8ನೆಯ ಅಧ್ಯಾಯ ಓದಿ ತೋರಿಸಿ. ನೀರುಬಾಗಿಲಿನ ಮುಂದಿನ ಬಯಲಿನಲ್ಲಿ ಎಜ್ರ ಮರದ ಪೀಠದ ಮೇಲೆ ನಿಂತು ಬೆಳಗಿನಿಂದ ಮಧ್ಯಾಹ್ನದವರೆಗೆ ಧರ್ಮಶಾಸ್ತ್ರ ಓದಿದ. ಲೇವಿಯರು ಅರ್ಥ ಬಿಡಿಸಿ ಹೇಳಿದರು. ಗಂಡಸರು, ಹೆಂಗಸರು ಎಲ್ಲರೂ ಕಿವಿಗೊಟ್ಟರು, ಅತ್ತರು. ಆಮೇಲೆ ಉಂಡು ಸಂಭ್ರಮಿಸಿದರು; ಕೇಳಿದ ಮಾತು ತಮಗೆ ಅರ್ಥವಾಯಿತು ಎಂಬುದೇ ಆ ಸಂಭ್ರಮಕ್ಕೆ ಕಾರಣ.

ಪ್ರಶ್ನೆ: ನಮ್ಮ ಹಳ್ಳಿಯ ಸಭೆಗೆ ಅಯ್ಯನವರು ತಿಂಗಳಿಗೊಮ್ಮೆ ಬರುತ್ತಾರೆ. ಉಳಿದ ಭಾನುವಾರ ಪ್ರಸಂಗ ನನ್ನ ಪಾಲಿಗೆ. ನಾನು ದೇವಶಾಸ್ತ್ರ ಓದಿದವನಲ್ಲ. ಯೂಟ್ಯೂಬ್‌ನಲ್ಲಿ ಕೇಳಿದ್ದನ್ನೇ ಹೇಳುತ್ತೇನೆ. ಮನಸ್ಸು ಒಪ್ಪುತ್ತಿಲ್ಲ.
– ಓದುಗರೊಬ್ಬರು, ಹಾವೇರಿ

ಉತ್ತರ: ತಮ್ಮಾ, ವಾರಕ್ಕೊಂದು ವಿಷಯ ಹುಡುಕುವುದನ್ನು ಮೊದಲು ಬಿಡು. ಮಾರ್ಕನ ಸುವಾರ್ತೆ ಹಿಡಿ, 16 ಅಧ್ಯಾಯ. ಮೊದಲಿನಿಂದ ಸ್ವಲ್ಪ ಸ್ವಲ್ಪವೇ ಹೇಳುತ್ತಾ ಹೋಗು. ಜೂರಿಕ್‌ನಲ್ಲಿ ಸಭಾ ಸುಧಾರಕ ಜ್ವಿಂಗ್ಲಿ 1519ರ ಜನವರಿ 1ರಂದು ಮತ್ತಾಯನ ಮೊದಲ ಅಧ್ಯಾಯದಿಂದ ಹೀಗೆಯೇ ಆರಂಭಿಸಿದ. ಜಿನೀವಾದವರು 1538ರಲ್ಲಿ ಇನ್ನೊಬ್ಬ ಸುಧಾರಕ ಕ್ಯಾಲ್ವಿನ್‌ನನ್ನು ಊರು ಬಿಡಿಸಿದ್ದರು. 1541ರಲ್ಲಿ ಮರಳಿ ಬಂದ ಆತ ದೂರು, ದುಃಖ ಏನನ್ನೂ ತೆಗೆಯದೆ, ನಿಲ್ಲಿಸಿದ್ದ ವಚನದ ಮುಂದಿನಿಂದಲೇ ಬೋಧನೆ ಮುಂದುವರಿಸಿದ. ಕ್ರಮವಾಗಿ ಹೋದರೆ ನಮಗೆ ಇಷ್ಟವಾದದ್ದನ್ನು ಮಾತ್ರ ಆರಿಸಿಕೊಳ್ಳಲು ಆಗುವುದಿಲ್ಲ. ಕಷ್ಟದ ಮಾತು ಬಂದಾಗ ತಪ್ಪಿಸಿಕೊಳ್ಳಲೂ ಆಗುವುದಿಲ್ಲ.

ಸೋಮವಾರವೇ ಆ ಭಾಗವನ್ನು ಗಟ್ಟಿಯಾಗಿ ಓದು, ದಿನಾ ಓದು. ಯಾರು ಯಾರಿಗೆ ಹೇಳಿದರು, ಹಿಂದೆ ಏನಿದೆ, ಮುಂದೆ ಏನಿದೆ ಎಂದು ಕೇಳಿಕೋ. ಫಿಲಿಪ್ಪಿಯವರಿಗೆ ಬರೆದ ಪತ್ರದ 4ನೆಯ ಅಧ್ಯಾಯದ 13ನೆಯ ವಚನವನ್ನು ಪರೀಕ್ಷೆ ಪಾಸಾಗಲೆಂದು ಮಕ್ಕಳ ಕೈಯಲ್ಲಿ ಬಾಯಿಪಾಠ ಮಾಡಿಸುತ್ತೇವೆ. ಪೌಲ ಅದನ್ನು ಬರೆದದ್ದು ಸೆರೆಯಿಂದ. ಹಸಿವೆಯಲ್ಲೂ ಸಮೃದ್ಧಿಯಲ್ಲೂ ತೃಪ್ತನಾಗಿರಲು ಕಲಿತಿದ್ದೇನೆ ಎಂದ ಮೇಲೆ. ಇಷ್ಟು ಕಂಡರೆ ಪ್ರಸಂಗ ಅರ್ಧ ಸಿದ್ಧವಾದ ಹಾಗೆ. ಕಥೆ ಬೇಡವೆನ್ನುತ್ತಿಲ್ಲ, ಆದರೆ ಅದನ್ನು ಕೊನೆಗೆ ಹುಡುಕು. ಯೂಟ್ಯೂಬನ್ನು ಶನಿವಾರದವರೆಗೂ ಮುಟ್ಟಬೇಡ.

ಪ್ರಶ್ನೆ: ಪ್ರಸಂಗ ಉದ್ದವಾದರೆ ಯುವಕರು ಹೊರಗೆ ಹೋಗಿ ನಿಲ್ಲುತ್ತಾರೆ. ಅವರಿಗೆ ಹಾಡುವುದೇ ಆರಾಧನೆ. ಏನು ಮಾಡೋಣ?
– ಸಭಾ ಕಾರ್ಯದರ್ಶಿ, ಶಿವಮೊಗ್ಗ

ಉತ್ತರ: ಉದ್ದವಾದ ಮಾತ್ರಕ್ಕೆ ಗಟ್ಟಿ ಪ್ರಸಂಗವಾಗುವುದಿಲ್ಲ. ಇಪ್ಪತ್ತೈದು ನಿಮಿಷದಲ್ಲಿ ಒಂದು ವೇದಭಾಗವನ್ನು ಚೆನ್ನಾಗಿ ಬಿಡಿಸಬಹುದು. ಒಂದೇ ಮಾತನ್ನು ಮೂರು ಸಲ ತಿರುಗಿಸಿ ಹೇಳುವವರ ಮುಂದೆ ಯುವಕರು ಕೂರದಿದ್ದರೆ ತಪ್ಪು ಅವರದಲ್ಲ. ಹಾಡನ್ನೂ ಕಡಿಮೆ ಮಾಡಬೇಡಿ. ಕೊಲೊಸ್ಸೆಯವರಿಗೆ ಬರೆದ ಪತ್ರದಲ್ಲಿ ಪೌಲ ಕ್ರಿಸ್ತನ ವಾಕ್ಯವನ್ನೂ ಕೀರ್ತನೆಯನ್ನೂ ಒಂದೇ ಉಸಿರಿನಲ್ಲಿ ಹೇಳಿದ್ದಾನೆ. ಆ ವಾರದ ವೇದಭಾಗಕ್ಕೆ ಹೊಂದುವ ಹಾಡು ಆರಿಸುವ ಕೆಲಸವನ್ನು ಆ ಯುವಕರಿಗೇ ವಹಿಸಿ. ಆರಿಸಬೇಕಾದರೆ ಅವರು ಅದನ್ನು ಬುಧವಾರವೇ ಓದಬೇಕಾಗುತ್ತದೆ. ಆರಾಧನೆ ಮುಗಿದ ಮೇಲೆ ಅಯ್ಯನವರು ಅವರ ಜೊತೆ ಅರ್ಧ ಗಂಟೆ ಕೂತು, ಪ್ರಸಂಗದ ಮೇಲೆ ಪ್ರಶ್ನೆ ಕೇಳಲು ಬಿಡಲಿ. ಬೆರೋಯದವರು ಪೌಲನ ಮಾತನ್ನೇ ಶಾಸ್ತ್ರಗ್ರಂಥದಲ್ಲಿ ದಿನಾ ಪರೀಕ್ಷಿಸಿ ನೋಡಿದರು. ಅಪೊಸ್ತಲರ ಕೃತ್ಯಗಳು ಅದಕ್ಕಾಗಿ ಅವರನ್ನು ಹೊಗಳಿದೆ. ಹಾಗಾಗಿ ಎದುರು ಪ್ರಶ್ನೆ ಬಂದರೆ ಯಾರೂ ಬೇಸರ ಮಾಡಿಕೊಳ್ಳುವ ಕಾರಣವಿಲ್ಲ.