ಒಳಗಿನ ಹೆಪ್ಪು ಕೆಡದಿರಲಿ: ಹೆಣ್ಣಿನ ಆರೋಗ್ಯಕ್ಕೆ ಒಂಬತ್ತು ಸೂತ್ರಗಳು

ಹೆಪ್ಪು ಹಾಕಿದ ಪಾತ್ರೆಯನ್ನು ಅಲುಗಾಡಿಸಿದರೆ ಅಜ್ಜಿ ಗದರುತ್ತಿದ್ದಳು. ಯೋನಿಯೊಳಗೂ ಅಂಥದೇ ಒಂದು ಹೆಪ್ಪಿದೆ, ಲ್ಯಾಕ್ಟೋಬ್ಯಾಸಿಲಸ್ ಎಂಬ ಬ್ಯಾಕ್ಟೀರಿಯಾ. ಜರ್ಮನಿಯ ವೈದ್ಯ ಆಲ್ಬರ್ಟ್ ಡೋಡರ್ಲೈನ್ 1892ರಲ್ಲೇ ಇದನ್ನು ವಿವರಿಸಿದ್ದರು. ಯೋನಿಯ ಗೋಡೆಯಲ್ಲಿ ಶೇಖರವಾಗುವ ಗ್ಲೈಕೋಜನ್ ಒಡೆದು ಬರುವ ಸಕ್ಕರೆಯೇ ಇದರ ಊಟ. ಉಂಡು ಬಿಡುವುದು ಲ್ಯಾಕ್ಟಿಕ್ ಆಮ್ಲ. ಮೊಸರನ್ನು ಹುಳಿ ಮಾಡುವುದೂ ಅದೇ. ಪಿಎಚ್ 3.8ರಿಂದ 4.5ರೊಳಗೆ ಇರುವಾಗ ಬೇಡದ ಬ್ಯಾಕ್ಟೀರಿಯಾಗಳಿಗೆ ಅಲ್ಲಿ ಬೇರೂರುವುದು ಕಷ್ಟ. ಈ ಹುಳಿಯನ್ನು ಕಾಪಾಡುವುದು ಹೇಗೆ?

1. ಒಳಗೆ ತೊಳೆಯಬೇಡಿ
ಸೋಪು, ಡೆಟಾಲ್, ಸುವಾಸನೆಯ 'ಇಂಟಿಮೇಟ್ ವಾಶ್' ಯಾವುದೂ ಒಳಗೆ ಹೋಗಬಾರದು. ಹೊರಭಾಗಕ್ಕೆ ಬರೀ ನೀರು ಸಾಕು. ಒಳಭಾಗ ತನ್ನನ್ನು ತಾನೇ ತೊಳೆದುಕೊಳ್ಳುತ್ತದೆ. ನೀವು ಉಜ್ಜಿದಷ್ಟೂ ಹೆಪ್ಪು ಕೊಚ್ಚಿಹೋಗುತ್ತದೆ.

2. 'ಉಷ್ಣ' ಎಂದು ಸುಮ್ಮನಾಗಬೇಡಿ
ಬಿಳಿಸೆರಗು ಎಂದರೆ 'ಮೈ ಉಷ್ಣವಾಗಿದೆ, ಎಳನೀರು ಕುಡಿ' ಎನ್ನುವುದು ನಮ್ಮ ಮನೆಗಳ ಹಳೆಯ ಮದ್ದು. ಎಳನೀರು ಒಳ್ಳೆಯದೇ, ಆದರೆ ಸೋಂಕಿಗೆ ಅದು ಔಷಧವಲ್ಲ. ಮೈಸೂರಿನಲ್ಲಿ ನಡೆದು 2008ರಲ್ಲಿ ಪ್ರಕಟವಾದ ಅಧ್ಯಯನದಲ್ಲಿ 863 ಯುವತಿಯರ ಸ್ರಾವದ ಮಾದರಿ ಪರೀಕ್ಷಿಸಿದಾಗ 165 ಮಂದಿಗೆ ಬ್ಯಾಕ್ಟೀರಿಯಲ್ ವೆಜಿನೋಸಿಸ್, ಅಂದರೆ ಹೆಪ್ಪು ಕುಗ್ಗಿ ಬೇಡದ ಬ್ಯಾಕ್ಟೀರಿಯಾ ಹೆಚ್ಚುವ ತೊಂದರೆ, ಇತ್ತು. ಸುಮಾರು ಐವರಲ್ಲಿ ಒಬ್ಬರಿಗೆ! ಇದು ನಿಮ್ಮೊಬ್ಬರ ಕಷ್ಟವಲ್ಲ, ನಾಚಬೇಕಾದ್ದೂ ಅಲ್ಲ.

3. ಲಕ್ಷಣ ಗಮನಿಸಿ, ತೀರ್ಮಾನವನ್ನು ಪರೀಕ್ಷೆಗೆ ಬಿಡಿ
ತೆಳುವಾದ ಬೂದು ಸ್ರಾವ, ಮೀನಿನಂಥ ವಾಸನೆ ಇದ್ದರೆ ವೆಜಿನೋಸಿಸ್ ಇರಬಹುದು. ಒಡೆದ ಮೊಸರಿನಂಥ ಸ್ರಾವ, ವಿಪರೀತ ತುರಿಕೆ ಇದ್ದರೆ ಕ್ಯಾಂಡಿಡಾ ಶಿಲೀಂಧ್ರ. ಹಳದಿ-ಹಸಿರು ನೊರೆಯಾದರೆ ಟ್ರೈಕೊಮೊನಾಸ್ ಎಂಬ ಪರಾವಲಂಬಿ. ಮೂರಕ್ಕೂ ಮದ್ದು ಬೇರೆ. ಎಷ್ಟೋ ಮಂದಿಗೆ ಲಕ್ಷಣವೇ ಇರುವುದಿಲ್ಲ. ಮೆಡಿಕಲ್ ಶಾಪಿನಲ್ಲಿ ಕೇಳಿ ತಂದ ಆಂಟಿಬಯಾಟಿಕ್ ಒಳ್ಳೆಯ ಬ್ಯಾಕ್ಟೀರಿಯಾಗಳನ್ನೂ ಕೊಂದು ಕ್ಯಾಂಡಿಡಾಗೆ ದಾರಿ ಮಾಡಿಕೊಟ್ಟೀತು.

4. ಮೊಸರು ತಿನ್ನಿ, ಹಚ್ಚಬೇಡಿ
ಯೋನಿಯನ್ನು ಚೆನ್ನಾಗಿ ಕಾಯುವುದು ಲ್ಯಾಕ್ಟೋಬ್ಯಾಸಿಲಸ್ ಕ್ರಿಸ್ಪೇಟಸ್ ಎಂಬ ತಳಿ. ಮನೆಯ ಮೊಸರಿನಲ್ಲಿರುವುದು ಬೇರೆ ಬಳಗ. 2020ರಲ್ಲಿ ಪ್ರಕಟವಾದ ಅಮೆರಿಕದ ಪ್ರಯೋಗವೊಂದರಲ್ಲಿ, ವೆಜಿನೋಸಿಸ್ ಚಿಕಿತ್ಸೆಯ ನಂತರ ಈ ಕ್ರಿಸ್ಪೇಟಸನ್ನೇ ಯೋನಿಯೊಳಗೆ ಇಟ್ಟವರಲ್ಲಿ 12 ವಾರದೊಳಗೆ ಶೇ 30ರಷ್ಟು ಮಂದಿಗೆ ತೊಂದರೆ ಮರುಕಳಿಸಿತು. ಹುಸಿಮದ್ದು ಪಡೆದವರಲ್ಲಿ ಶೇ 45. ತಳಿ ಸರಿಯಿದ್ದರೆ ಫಲವುಂಟು. ಡಬ್ಬಿಯ ಮೇಲೆ 'ಪ್ರೋಬಯಾಟಿಕ್' ಎಂದು ಬರೆದಿದ್ದೆಲ್ಲ ಆ ತಳಿಯಲ್ಲ.

5. ಬ್ಯಾಕ್ಟೀರಿಯಾಕ್ಕೂ ವೈರಸ್ ತಗಲುತ್ತದೆ, ಧೂಮಪಾನ ಬಿಡಿ
ಬ್ಯಾಕ್ಟೀರಿಯಾಗಳನ್ನೇ ಹಿಡಿಯುವ ವೈರಸ್‌ಗಳಿವೆ. 1917ರಲ್ಲಿ ಫೆಲಿಕ್ಸ್ ಡಿ ಹೆರೆಲ್ ಇವಕ್ಕೆ ಬ್ಯಾಕ್ಟೀರಿಯೋಫೇಜ್ ಎಂದು ಹೆಸರಿಟ್ಟರು. ಡೇರಿಗಳಲ್ಲಿ ಹೆಪ್ಪು ಕೈಕೊಡಲು ಇವೂ ಒಂದು ಕಾರಣ. ಇವು ಮನುಷ್ಯರ ಜೀವಕೋಶಕ್ಕೆ ತಗಲುವುದಿಲ್ಲ. ಆದರೆ ಯೋನಿಯ ಲ್ಯಾಕ್ಟೋಬ್ಯಾಸಿಲಸ್‌ಗಳ ವಂಶವಾಹಿಯಲ್ಲಿ ಹಲವು ಫೇಜ್‌ಗಳು ಅಡಗಿ ಮಲಗಿರುತ್ತವೆ. ಎಬ್ಬಿಸಿದರೆ ತಾವಿದ್ದ ಮನೆಯನ್ನೇ ಒಡೆದು ಹೊರಬರುತ್ತವೆ. ಸಿಗರೇಟಿನ ಹೊಗೆಯಿಂದ ಉಂಟಾಗುವ ರಾಸಾಯನಿಕವೊಂದು ಇವನ್ನು ಎಬ್ಬಿಸಬಲ್ಲದು ಎಂದು 2000ದಲ್ಲಿ ಪ್ರಯೋಗಾಲಯದಲ್ಲಿ ಕಂಡುಬಂತು. ಧೂಮಪಾನ ಮಾಡುವ ಹೆಂಗಸರಲ್ಲಿ ವೆಜಿನೋಸಿಸ್ ಹೆಚ್ಚು ಎಂಬುದಕ್ಕೆ ಇದೂ ಒಂದು ಕಾರಣವಿರಬಹುದು.

6. ಮಾತ್ರೆ ಪೂರ್ತಿ ಮುಗಿಸಿ, ಗಂಡನನ್ನೂ ಕರೆದೊಯ್ಯಿರಿ
ವಾಸನೆ ಹೋಯಿತೆಂದು ಮೂರನೇ ದಿನಕ್ಕೆ ಮಾತ್ರೆ ಬಿಡಬೇಡಿ. ವೆಜಿನೋಸಿಸ್ ಮರುಕಳಿಸುವುದರಲ್ಲಿ ಹಟಮಾರಿ. ಆಸ್ಟ್ರೇಲಿಯಾದ ಪ್ರಯೋಗವೊಂದರ ಫಲಿತಾಂಶ 2025ರಲ್ಲಿ ಬಂತು: ಸಂಗಾತಿಗೂ ಚಿಕಿತ್ಸೆ ಕೊಟ್ಟಾಗ 12 ವಾರದೊಳಗೆ ಮರುಕಳಿಸಿದ್ದು ಶೇ 35, ಹೆಣ್ಣಿಗೆ ಮಾತ್ರ ಕೊಟ್ಟಾಗ ಶೇ 63. ಪದೇ ಪದೇ ಬರುತ್ತಿದ್ದರೆ ಇಬ್ಬರಿಗೂ ಚಿಕಿತ್ಸೆ ಬೇಕೇ ಎಂದು ವೈದ್ಯರನ್ನು ಕೇಳಿ. ಟ್ರೈಕೊಮೊನಾಸ್ ಆದರಂತೂ ಇಬ್ಬರಿಗೂ ಮದ್ದು ಬೇಕೇ ಬೇಕು.

7. ಬಸುರಿಯಾಗಿದ್ದರೆ ತಡಮಾಡಬೇಡಿ
ವೆಜಿನೋಸಿಸ್ ಇದ್ದವರಲ್ಲಿ ದಿನ ತುಂಬುವ ಮೊದಲೇ ಹೆರಿಗೆಯಾಗುವ ಅಪಾಯ ಹೆಚ್ಚು. ವಾಸನೆ, ತುರಿಕೆ ಕಂಡರೆ ಮುಂದಿನ ತಪಾಸಣೆಯವರೆಗೆ ಕಾಯಬೇಡಿ. ತಾವಾಗಿ ಮಾತ್ರೆ ನುಂಗಲೂಬೇಡಿ.

8. ಮುಟ್ಟು ನಿಂತ ಮೇಲೂ ಮರೆಯಬೇಡಿ
ಈಸ್ಟ್ರೋಜನ್ ಇಳಿದರೆ ಹೆಪ್ಪಿನ ಊಟವೂ ಇಳಿಯುತ್ತದೆ. ಹುಳಿ ಕಡಿಮೆಯಾಗಿ ಒಣಗುವಿಕೆ, ಉರಿಮೂತ್ರ ಶುರುವಾಗಬಹುದು. 'ವಯಸ್ಸಾಯಿತು' ಎಂದು ಸಹಿಸಬೇಡಿ, ಚಿಕಿತ್ಸೆಯಿದೆ. ಮುಟ್ಟು ನಿಂತ ಮೇಲೆ ರಕ್ತ ಕಂಡರೆ ಕೂಡಲೇ ವೈದ್ಯರನ್ನು ಕಾಣಿ.

9. ಎಚ್‌ಪಿವಿಗೆ ಎರಡು ಬೇಲಿ ಹಾಕಿ
ಇದು ಫೇಜ್‌ನಂತಲ್ಲ, ನಮ್ಮ ಜೀವಕೋಶಕ್ಕೇ ತಗಲಿ ಗರ್ಭಕಂಠದ ಕ್ಯಾನ್ಸರ್ ತರುವ ವೈರಸ್. ಮೊದಲ ಬೇಲಿ ಲಸಿಕೆ: 9ರಿಂದ 14 ವರ್ಷದೊಳಗೆ ಮಗಳಿಗೆ ಹಾಕಿಸಿ. ಎರಡನೆಯದು ತಪಾಸಣೆ: 30 ದಾಟಿದ ಮೇಲೆ ನೀವು ಮಾಡಿಸಿಕೊಳ್ಳಿ, ಲಸಿಕೆ ಹಾಕಿಸಿಕೊಂಡಿದ್ದರೂ.

ಹಣವಿಲ್ಲವೆಂದು ಹಿಂದೆ ಸರಿಯಬೇಡಿ. ಜಿಲ್ಲಾ ಆಸ್ಪತ್ರೆಗಳ 'ಸುರಕ್ಷಾ' ಕ್ಲಿನಿಕ್‌ನಲ್ಲಿ ಸಲಹೆ, ಮಾತ್ರೆ ಎರಡೂ ಉಚಿತ. ಅಲ್ಲಿ ಬಾಯಿಬಿಟ್ಟು ಹೇಳಬೇಕಾದ್ದು ಒಂದೇ ಮಾತು: "ಡಾಕ್ಟ್ರೇ, ಬಿಳಿ ಹೋಗ್ತಿದೆ, ಪರೀಕ್ಷೆ ಮಾಡಿ."