ಊರಿನ ಹೆಸರು ಯಾರ ಸ್ವತ್ತು?
ಅಂತರಜಾಲದ ವಿಳಾಸವೂ ಬೆಳೆಗಾರರ ಹಕ್ಕೂ



ಕಳೆದ ಮಳೆಗಾಲದಲ್ಲಿ ನಮ್ಮ ಸಂಘದ ಆಡಳಿತ ಮಂಡಳಿಯು ಸದಸ್ಯರ ಕಾಫಿ ಪುಡಿಯನ್ನೂ ಅಡಿಕೆಯನ್ನೂ ಅಂತರಜಾಲದ ಮೂಲಕ ನೇರವಾಗಿ ಮಾರುವ ಯೋಚನೆ ಮಾಡಿತು. ಅದಕ್ಕೆ ಮೊದಲು ಒಂದು ವಿಳಾಸ ಬೇಕು. ಊರಿನ ಹೆಸರಿಗೆ ಕಾಫಿ ಎಂಬ ಪದ ಸೇರಿಸಿ ವಿಚಾರಿಸಿದೆವು. ದೂರದ ನಗರದ ಯಾರೋ ಒಬ್ಬರು ಆ ವಿಳಾಸವನ್ನು ಆಗಲೇ ಬರೆಸಿಕೊಂಡಿದ್ದರು. ಅವರಿಗೆ ತೋಟವೂ ಇಲ್ಲ, ಅಂಗಡಿಯೂ ಇಲ್ಲ. ಬಿಟ್ಟುಕೊಡಲು ಅವರು ಕೇಳಿದ ಹಣ ನಮ್ಮ ಗುಮಾಸ್ತರ ಒಂದು ವರ್ಷದ ಸಂಬಳಕ್ಕಿಂತ ಹೆಚ್ಚು. ವಾರ್ಷಿಕ ಸಭೆಯಲ್ಲಿ ಹಿರಿಯ ಸದಸ್ಯರೊಬ್ಬರು ಎದ್ದು ನಿಂತು, "ಕಾರ್ಯದರ್ಶಿಗಳೇ, ಊರು ನಮ್ಮದು, ತೋಟ ನಮ್ಮದು, ಹೆಸರು ಮಾತ್ರ ಅವರದು ಹೇಗಾಯಿತು?" ಎಂದು ಕೇಳಿದರು. ಆ ದಿನ ನಮ್ಮಲ್ಲಿ ಸರಿಯಾದ ಉತ್ತರ ಇರಲಿಲ್ಲ. ಅನಂತರ ಓದಿ ತಿಳಿದುಕೊಂಡದ್ದನ್ನು ಈ ಪಾಠದಲ್ಲಿ ಸದಸ್ಯರ ಮುಂದೆ ಇಡುತ್ತಿದ್ದೇವೆ.

1. ಹೆಸರಿಗೆ ಬೆಲೆ ಬಂದದ್ದು

ಕಾಫಿ ಮಂಡಳಿಯ ಪೂಲ್ ಇದ್ದ ಕಾಲವನ್ನು ಹಿರಿಯರು ಬಲ್ಲರು. ಎಲ್ಲರ ಕಾಫಿಯೂ ಒಂದೇ ರಾಶಿಗೆ ಸೇರುತ್ತಿತ್ತು. ಯಾವ ಬೆಟ್ಟದ್ದು ಎಂದು ಗಿರಾಕಿ ಕೇಳುತ್ತಿರಲಿಲ್ಲ. 1992ರಿಂದ ಹಂತಹಂತವಾಗಿ ಸಡಿಲವಾದ ಆ ಪದ್ಧತಿ 1996ರ ಹೊತ್ತಿಗೆ ಮುಗಿಯಿತು. ಅಂದಿನಿಂದ ಮಾರುವ ಸ್ವಾತಂತ್ರ್ಯವೂ ನಮ್ಮದು, ಗಿರಾಕಿಯನ್ನು ಹುಡುಕುವ ಕಷ್ಟವೂ ನಮ್ಮದು. ಐದೆಕರೆಯ ಬೆಳೆಗಾರನಿಗೆ ಜಾಹೀರಾತಿನ ಶಕ್ತಿ ಇಲ್ಲ. ಅವನ ಮಾಲಿಗೆ ಗುರುತು ಕೊಡುವುದು ಅವನ ಊರಿನ ಹೆಸರೊಂದೇ.

ಈ ಹೆಸರನ್ನು ಕಾಯದಿದ್ದರೆ ಏನಾಗುತ್ತದೆ ಎಂಬುದಕ್ಕೆ ಯೆಮನ್ ದೇಶದ ಮೋಕಾ ಬಂದರೇ ಸಾಕ್ಷಿ. ಬಾಬಾಬುಡನ್ ಅವರು ಏಳು ಬೀಜಗಳನ್ನು ಆ ಕಡೆಯಿಂದಲೇ ತಂದರೆಂದು ನಮ್ಮಲ್ಲಿ ಪ್ರತೀತಿ. ಒಂದು ಕಾಲಕ್ಕೆ ಮೋಕಾ ಎಂದರೆ ಆ ಬಂದರಿನಿಂದ ಹೊರಟ ಕಾಫಿ. ಇಂದು ಪೇಟೆಯ ಹೋಟೆಲಿನಲ್ಲಿ ಮೋಕಾ ಎಂದು ಕೇಳಿದರೆ ಚಾಕೊಲೇಟ್ ಬೆರೆಸಿದ ಕಾಫಿ ಕೊಡುತ್ತಾರೆ. ಹೆಸರು ಲೋಕವೆಲ್ಲ ತಿರುಗಿತು, ಅದರ ಲಾಭ ಯೆಮನ್ನಿನ ರೈತನಿಗೆ ಬರಲಿಲ್ಲ.

2. ವಿಳಾಸದ ಖಾತೆ ಬರೆಯುವವರು

ಜಮೀನಿಗೆ ಪಹಣಿ ಇರುವಂತೆ ಅಂತರಜಾಲದ ಪ್ರತಿಯೊಂದು ವಿಳಾಸಕ್ಕೂ ಒಂದು ದಾಖಲೆ ಇದೆ. ವಿಳಾಸದ ಕೊನೆಯ ಭಾಗಗಳ, ಅಂದರೆ ಡಾಟ್ ಕಾಮ್, ಡಾಟ್ ಇನ್ ಮುಂತಾದವುಗಳ ಮೂಲ ಪುಸ್ತಕವನ್ನು ನೋಡಿಕೊಳ್ಳುವುದು ಐಕ್ಯಾನ್ ಎಂಬ ಸಂಸ್ಥೆ. ಇದು 1998ರಲ್ಲಿ ಅಮೆರಿಕದ ಕ್ಯಾಲಿಫೋರ್ನಿಯದಲ್ಲಿ ಸ್ಥಾಪನೆಯಾಯಿತು. 2016ರ ಸೆಪ್ಟೆಂಬರ್ ಕೊನೆಯವರೆಗೂ ಈ ಕೆಲಸ ಅಮೆರಿಕ ಸರ್ಕಾರದ ಕರಾರಿನ ಅಡಿಯಲ್ಲಿ ನಡೆಯುತ್ತಿತ್ತು. ಇದನ್ನು ವಿಶ್ವಸಂಸ್ಥೆಯ ಒಂದು ಸಮಿತಿ ನೋಡಿಕೊಳ್ಳಲಿ ಎಂದು ಭಾರತ 2011ರಲ್ಲಿ ಸೂಚಿಸಿತ್ತು. 2015ರಲ್ಲಿ ನಿಲುವು ಬದಲಿಸಿ, ಸರ್ಕಾರ, ಉದ್ಯಮ, ತಜ್ಞರು, ಬಳಕೆದಾರರು ಎಲ್ಲರೂ ಕೂಡಿ ನಡೆಸುವ ಪದ್ಧತಿಯೇ ಇರಲಿ ಎಂದಿತು. ನಮ್ಮ ದೇಶದ ಡಾಟ್ ಇನ್ ವಿಳಾಸಗಳನ್ನು ನಿಕ್ಸಿ ಎಂಬ ಸಂಸ್ಥೆ ನೋಡಿಕೊಳ್ಳುತ್ತದೆ.

ಪಹಣಿಗೂ ಇದಕ್ಕೂ ಒಂದು ವ್ಯತ್ಯಾಸವುಂಟು. ಇಲ್ಲಿ ಅನುಭೋಗವನ್ನು ಯಾರೂ ಸ್ಥಳಕ್ಕೆ ಬಂದು ಪರಿಶೀಲಿಸುವುದಿಲ್ಲ. ಮೊದಲು ಬಂದು ಶುಲ್ಕ ಕಟ್ಟಿದವರ ಹೆಸರಿಗೆ ಖಾತೆ. ತಕರಾರು ಇದ್ದವರಿಗಾಗಿ ಐಕ್ಯಾನ್ 1999ರಲ್ಲಿ ಒಂದು ನಿಯಮ ಮಾಡಿತು. ಅದರಂತೆ ದೂರುದಾರ ಮೂರು ಸಂಗತಿ ತೋರಿಸಬೇಕು: ಆ ವಿಳಾಸ ತನ್ನ ಟ್ರೇಡ್ ಮಾರ್ಕನ್ನು ಹೋಲುತ್ತದೆ, ಎದುರಾಳಿಗೆ ಅದರಲ್ಲಿ ನ್ಯಾಯವಾದ ಹಕ್ಕಿಲ್ಲ, ಅವನು ದುರುದ್ದೇಶದಿಂದ ಬರೆಸಿಕೊಂಡು ಬಳಸುತ್ತಿದ್ದಾನೆ.

ಮೊದಲನೆಯ ಮಾತನ್ನು ಸದಸ್ಯರು ಗಮನಿಸಬೇಕು. ನಿಯಮ ಕಾಯುವುದು ಟ್ರೇಡ್ ಮಾರ್ಕನ್ನು. ಊರಿನಿಂದ ಬಂದ ಹೆಸರನ್ನು, ಅಂದರೆ ಭೌಗೋಳಿಕ ಸೂಚಕವನ್ನು (ಜಿ.ಐ.), ಅದು ಹೆಸರಿಸುವುದಿಲ್ಲ. ಫ್ರಾನ್ಸಿನ ಷಾಂಪೇನ್ ಬೆಳೆಗಾರರ ಮತ್ತು ವ್ಯಾಪಾರಿಗಳ ಸಂಸ್ಥೆ 2011ರಲ್ಲಿ ಷಾಂಪೇನ್ ಡಾಟ್ ಸಿಓ ಎಂಬ ವಿಳಾಸಕ್ಕಾಗಿ ದೂರು ಕೊಟ್ಟು ಸೋತದ್ದು ಇದರಿಂದಲೇ. ಷಾಂಪೇನ್‌ನಂಥ ಹೆಸರಿಗೇ ಹೀಗಾದರೆ ನಮ್ಮಂಥವರ ಪಾಡೇನು?

3. ದ್ರಾಕ್ಷಿ ಬೆಳೆಗಾರರ ಜಗಳ

2012ರಲ್ಲಿ ಐಕ್ಯಾನ್ ಹೊಸ ಕೊನೆಭಾಗಗಳಿಗೆ ಅರ್ಜಿ ಕರೆದಾಗ ಡಾಟ್ ವೈನ್, ಡಾಟ್ ವಿನ್ ಎಂಬವುಗಳಿಗೂ ಅರ್ಜಿ ಬಂದವು. ಅರ್ಜಿದಾರರು ಬೆಳೆಗಾರರಲ್ಲ, ವಿಳಾಸ ಮಾರುವ ಕಂಪನಿಗಳು. ಫ್ರಾನ್ಸ್ ಮತ್ತು ಯುರೋಪಿನ ಒಕ್ಕೂಟ ಗಟ್ಟಿಯಾಗಿ ಆಕ್ಷೇಪಿಸಿದವು. ಷಾಂಪೇನ್ ಡಾಟ್ ವೈನ್ ಎಂಬ ವಿಳಾಸವನ್ನು ಕಂಡವರಿಗೆಲ್ಲ ಮಾರಿದರೆ ನೂರಾರು ವರ್ಷ ಕಾಪಾಡಿದ ಹೆಸರು ಉಳಿಯುವುದು ಹೇಗೆ ಎಂಬುದು ಅವರ ವಾದ. ಅಮೆರಿಕ, ಆಸ್ಟ್ರೇಲಿಯ ಮುಂತಾದ ದೇಶಗಳು ಒಪ್ಪಲಿಲ್ಲ. ವಿಳಾಸಗಳ ವಿಷಯದಲ್ಲಿ ಇಂಥ ಹಕ್ಕು ಕೊಡುವ ಅಂತರರಾಷ್ಟ್ರೀಯ ಒಪ್ಪಂದವೇ ಇಲ್ಲದಿರುವಾಗ, ಪುಸ್ತಕ ಬರೆಯುವ ಸಂಸ್ಥೆ ತಾನೇ ಹೊಸ ಕಾನೂನು ಮಾಡಬಾರದು ಎಂದವು. ಸ್ವಾರಸ್ಯವೆಂದರೆ ಅಮೆರಿಕದಲ್ಲಿಯೇ ನಾಪಾ ಕಣಿವೆಯ ವೈನ್ ತಯಾರಕರು ತಮ್ಮ ಸರ್ಕಾರದ ಮಾತು ಬಿಟ್ಟು ಯುರೋಪಿನವರ ಪಕ್ಷ ವಹಿಸಿದರು. ಹೆಸರಿನಿಂದ ಬದುಕುವವರ ಕಷ್ಟ ಎಲ್ಲ ದೇಶದಲ್ಲಿಯೂ ಒಂದೇ.

2014ರ ಜೂನಿನಲ್ಲಿ ಲಂಡನ್ ಸಭೆಯಲ್ಲಿಯೂ ಸರ್ಕಾರಗಳು ಒಮ್ಮತಕ್ಕೆ ಬರಲಿಲ್ಲ. ಕೊನೆಗೆ 2015ರಲ್ಲಿ ವೈನ್ ಸಂಘಗಳೂ ಕಂಪನಿಯೂ ತಮ್ಮತಮ್ಮಲ್ಲಿ ರಾಜಿ ಮಾಡಿಕೊಂಡವು. ಹಕ್ಕು ನಿಯಮದಲ್ಲಿ ಸೇರಲಿಲ್ಲ. ಗಟ್ಟಿ ದನಿಯಿದ್ದವರಿಗೆ ಮಾತ್ರ ಸಮಾಧಾನ ದೊರೆಯಿತು.

ಇಲ್ಲಿ ಎದುರು ಪಕ್ಷದ ಮಾತಿನಲ್ಲಿಯೂ ಹುರುಳಿದೆ ಎಂದು ಒಪ್ಪಬೇಕು. ಕೊಡಗು ಎಂಬ ಹೆಸರಿರುವ ವಿಳಾಸಗಳೆಲ್ಲ ಕಾಫಿಯವರಿಗೇ ಸೇರಬೇಕೆಂದರೆ, ಅಲ್ಲಿಯ ಹೋಂಸ್ಟೇ ನಡೆಸುವವರು, ಜೇನು ಮಾರುವವರು, ಊರಿನ ಸುದ್ದಿ ಬರೆಯುವವರು ಎಲ್ಲಿಗೆ ಹೋಗಬೇಕು? ಆದುದರಿಂದ ನಮ್ಮ ಅಭಿಪ್ರಾಯ ಇಷ್ಟು: ಹೆಸರಿನ ಮೇಲೆ ಸರ್ವಾಧಿಕಾರ ಬೇಡ. ಅದೇ ಬೆಳೆಗೆ ಅದೇ ಹೆಸರನ್ನು ಸುಳ್ಳಾಗಿ ಬಳಸುವವರನ್ನು ತಡೆಯುವ ಅಧಿಕಾರ ಸಾಕು.

4. ಇಥಿಯೋಪಿಯದ ದಾರಿ

ಇಥಿಯೋಪಿಯ ಸರ್ಕಾರ 2005ರಲ್ಲಿ ತನ್ನ ಸಿದಾಮೊ, ಹರಾರ್, ಯಿರ್ಗಚೆಫೆ ಕಾಫಿಗಳ ಹೆಸರನ್ನು ಅಮೆರಿಕದಲ್ಲಿ ಟ್ರೇಡ್ ಮಾರ್ಕಾಗಿ ನೋಂದಾಯಿಸಲು ಅರ್ಜಿ ಹಾಕಿತು. ಲಕ್ಷಾಂತರ ಸಣ್ಣ ರೈತರ ತೋಟಗಳ ಮೇಲೆ ಜಿ.ಐ.ಗೆ ಬೇಕಾದ ತಪಾಸಣೆ ನಡೆಸುವುದು ತನಗೆ ಕಷ್ಟವೆಂದು ಅದು ಈ ದಾರಿ ಹಿಡಿಯಿತು. ಅಲ್ಲಿಯ ಕಾಫಿ ವ್ಯಾಪಾರಿಗಳ ಸಂಘ ಅಡ್ಡಿಪಡಿಸಿತು. ಸ್ಟಾರ್‌ಬಕ್ಸ್ ಕಂಪನಿಯೊಡನೆ ಬಹಿರಂಗವಾಗಿಯೇ ವಾಗ್ವಾದ ನಡೆದು, 2007ರ ಜೂನಿನಲ್ಲಿ ಒಪ್ಪಂದವಾಯಿತು. ಅದೇ ವರ್ಷ ಕೊಲಂಬಿಯದ ಬೆಳೆಗಾರರ ಒಕ್ಕೂಟ ಬೇರೆ ದಾರಿಯಲ್ಲಿ ಹೋಗಿ, 'ಕೊಲಂಬಿಯದ ಕಾಫಿ' ಎಂಬ ಹೆಸರಿಗೆ ಯುರೋಪಿನಲ್ಲಿ ಭೌಗೋಳಿಕ ರಕ್ಷಣೆ ಪಡೆಯಿತು. ದಾರಿ ಎರಡು, ಪಾಠ ಒಂದು: ಒಬ್ಬೊಬ್ಬ ಬೆಳೆಗಾರನಿಂದ ಆಗದ್ದು ಒಕ್ಕೂಟದಿಂದ ಆಯಿತು.

5. ನಮ್ಮ ಕೈಯಲ್ಲಿರುವುದು

ನಮ್ಮ ಭೌಗೋಳಿಕ ಸೂಚಕಗಳ ಕಾಯಿದೆ 1999ರದು. ಜಾರಿಗೆ ಬಂದದ್ದು 2003ರ ಸೆಪ್ಟೆಂಬರ್ 15ರಂದು. ನೋಂದಣಿ ಕಚೇರಿ ಚೆನ್ನೈಯಲ್ಲಿದೆ. ಕೊಡಗು ಅರೇಬಿಕಾ, ಚಿಕ್ಕಮಗಳೂರು ಅರೇಬಿಕಾ, ಬಾಬಾಬುಡನ್‌ಗಿರಿ ಅರೇಬಿಕಾಗಳಿಗೂ ಶಿರಸಿ ಅಡಿಕೆಗೂ 2019ರಲ್ಲಿ ಈ ಮಾನ್ಯತೆ ದೊರೆಯಿತು. ಕಾಫಿಯ ಪರವಾಗಿ ಕಾಫಿ ಮಂಡಳಿ ಅರ್ಜಿ ಹಾಕಿದರೆ, ಶಿರಸಿ, ಸಿದ್ದಾಪುರ, ಯಲ್ಲಾಪುರ ಭಾಗದ ಅಡಿಕೆಯ ಪರವಾಗಿ ಅರ್ಜಿ ಹಾಕಿದ್ದು ಶಿರಸಿಯ ತೋಟಗಾರರ ಸಹಕಾರಿ ಮಾರಾಟ ಸಂಘ. ಸಹಕಾರಿಗಳು ಹೆಮ್ಮೆಪಡಬೇಕಾದ ಸಂಗತಿ ಇದು.

ಈ ಹಕ್ಕು ಸಮುದಾಯದ್ದು. ಇದನ್ನು ಯಾರೂ ಮಾರುವಂತಿಲ್ಲ, ಅಡವಿಡುವಂತಿಲ್ಲ. ಹತ್ತು ವರ್ಷಕ್ಕೊಮ್ಮೆ ನವೀಕರಿಸಬೇಕು. ಆದರೆ ತೋಟ ಆ ಪ್ರದೇಶದಲ್ಲಿದೆ ಎಂದ ಮಾತ್ರಕ್ಕೆ ಕೆಲಸ ಮುಗಿಯಿತು ಎಂದು ಸದಸ್ಯರು ತಿಳಿಯಬಾರದು. 'ಅಧಿಕೃತ ಬಳಕೆದಾರ' ಎಂದು ಪ್ರತ್ಯೇಕವಾಗಿ ನೋಂದಾಯಿಸಿಕೊಂಡವರಿಗೇ ಆ ಹೆಸರನ್ನು ಬಳಸುವ ಪೂರ್ಣ ಹಕ್ಕು. ಇದರ ಅರ್ಜಿ ಶುಲ್ಕವನ್ನು 2020ರಲ್ಲಿ 500 ರೂಪಾಯಿಯಿಂದ 10 ರೂಪಾಯಿಗೆ ಇಳಿಸಲಾಯಿತು. ಹಣದ ನೆಪ ಇನ್ನು ಸಲ್ಲದು.

6. ಮಾಡಬೇಕಾದ ಕೆಲಸಗಳು

(ಅ) ಅರ್ಹ ಸದಸ್ಯರೆಲ್ಲರೂ ಅಧಿಕೃತ ಬಳಕೆದಾರರಾಗಬೇಕು. ಅರ್ಜಿ ತುಂಬಲು ಸಂಘದ ಕಚೇರಿಯಲ್ಲಿ ನೆರವು ಕೊಡುತ್ತೇವೆ. ಪಹಣಿಯ ಪ್ರತಿ ತರುವುದು.

(ಆ) ಸಂಘದ ಹೆಸರನ್ನೂ ಮುದ್ರೆಯನ್ನೂ 1999ರ ಟ್ರೇಡ್ ಮಾರ್ಕ್ ಕಾಯಿದೆಯಂತೆ ಸಾಮೂಹಿಕ ಮುದ್ರೆಯಾಗಿ ನೋಂದಾಯಿಸಬೇಕು. ಮೇಲೆ ಹೇಳಿದ ನಿಯಮದ ಬಾಗಿಲು ಟ್ರೇಡ್ ಮಾರ್ಕ್ ಇದ್ದವರಿಗೆ ತೆರೆಯುತ್ತದೆ.

(ಇ) ಸಂಘದ ಹೆಸರಿನ ವಿಳಾಸವನ್ನು ಡಾಟ್ ಇನ್‌ನಲ್ಲಿಯೂ ಕನ್ನಡದ ಡಾಟ್ ಭಾರತದಲ್ಲಿಯೂ ಈಗಲೇ ಬರೆಸಬೇಕು, ವರ್ಷವರ್ಷ ಮರೆಯದೆ ನವೀಕರಿಸಬೇಕು. ಡಾಟ್ ಇನ್‌ನ ತಕರಾರು ನಿಯಮದಲ್ಲಿ ಟ್ರೇಡ್ ಮಾರ್ಕಿನ ಜೊತೆಗೆ 'ಹೆಸರು' ಎಂಬ ಪದವೂ ಇರುವುದರಿಂದ ವಾದಕ್ಕೆ ಸ್ವಲ್ಪ ಹೆಚ್ಚು ಅವಕಾಶವಿದೆ.

(ಈ) ಕೊನೆಯದು, ಎಲ್ಲಕ್ಕಿಂತ ಮುಖ್ಯವಾದದ್ದು. ರೊಬಸ್ಟಾ ಬೆರೆಸಿದ ಪುಡಿಗೆ ಅರೇಬಿಕಾದ ಚೀಟಿ, ಹೊರಗಿನ ಅಡಿಕೆ ಬೆರೆಸಿದ ಮೂಟೆಗೆ ಊರಿನ ಹೆಸರು — ಇದನ್ನು ಹೊರಗಿನವರು ಮಾತ್ರ ಮಾಡುವರೆಂದು ಹೇಳುವ ಧೈರ್ಯ ನಮಗಿಲ್ಲ. ವಿಳಾಸವನ್ನು ಹಿಡಿದು ಕೂತವರು ಹೆಸರಿನ ಹೊರಬೇಲಿಯನ್ನು ಮುರಿದರು. ಬೆರಕೆ ಮಾಡುವ ಸದಸ್ಯನು ಹೆಸರಿನ ಬೇರನ್ನೇ ಕಡಿಯುತ್ತಾನೆ, ಅದಕ್ಕೆ ಯಾವ ಐಕ್ಯಾನ್ ಮುಂದೆಯೂ ದೂರು ಕೊಡಲು ಬರುವುದಿಲ್ಲ.

ನಮ್ಮ ಊರಿನ ವಿಳಾಸಕ್ಕಾಗಿ ಆ ವ್ಯಕ್ತಿಗೆ ಹಣ ಕೊಡುವುದು ಬೇಡವೆಂದು ಮಂಡಳಿ ತೀರ್ಮಾನಿಸಿದೆ. ಆ ಹಣದ ಒಂದು ಪಾಲಿನಲ್ಲಿಯೇ ಮೇಲಿನ ಮೊದಲ ಮೂರು ಕೆಲಸಗಳು ನಡೆಯುತ್ತವೆ. ನಾಲ್ಕನೆಯದಕ್ಕೆ ಖರ್ಚಿಲ್ಲ, ಮನಸ್ಸು ಬೇಕು. ಮುಂದಿನ ಸಾಮಾನ್ಯ ಸಭೆಯಲ್ಲಿ ಈ ವಿಷಯ ಚರ್ಚೆಗೆ ಬರಲಿದೆ. ಸದಸ್ಯರು ಈ ಪಾಠವನ್ನು ಓದಿಕೊಂಡು, ಮನೆಯಲ್ಲಿ ಓದುತ್ತಿರುವ ಮಕ್ಕಳೊಡನೆಯೂ ಮಾತನಾಡಿ, ತಮ್ಮ ಅಭಿಪ್ರಾಯದೊಂದಿಗೆ ಬರಬೇಕಾಗಿ ಕೋರುತ್ತೇವೆ.

— ಕಾರ್ಯದರ್ಶಿ