ಅಗ್ಗದ ಶಿರಸ್ತ್ರಾಣ ಕೊಳ್ಳಬಹುದೆ?
(ದ್ವಿಚಕ್ರ ವಾಹನ ಸವಾರರ ರಕ್ಷಣಾ ಸಾಧನಗಳನ್ನು ಕುರಿತು)

ವಿಶಾಖಪಟ್ಟಣ, ವಿಜಯವಾಡಗಳಲ್ಲಿ ನೆಲೆಸಿರುವ ನಮ್ಮವರಲ್ಲಿ ಸ್ಕೂಟರಾಗಲಿ ಮೋಟಾರ್ ಸೈಕಲ್ಲಾಗಲಿ ಇಲ್ಲದ ಮನೆ ವಿರಳ. ಗಾಜುವಾಕದಿಂದ ಉಕ್ಕಿನ ಕಾರ್ಖಾನೆಗೆ ಹೋಗುವವರು, ದ್ವಾರಕಾನಗರದ ಕಚೇರಿಗಳಿಗೆ ಹೋಗುವವರು, ಬೆಂಜ್ ಸರ್ಕಲ್ ದಾಟಿ ಆಟೋನಗರಕ್ಕೆ ಹೋಗುವವರು, ಮಕ್ಕಳನ್ನು ಶಾಲೆಗೆ ಬಿಟ್ಟುಬರುವ ತಾಯಂದಿರು, ಎಲ್ಲರಿಗೂ ಅದೇ ಆಸರೆ. ವಾಹನಕ್ಕೆ ಲಕ್ಷದ ಆಸುಪಾಸು ತೆತ್ತ ಗೃಹಸ್ಥರು ಶಿರಸ್ತ್ರಾಣ, ಅಂದರೆ ಹೆಲ್ಮೆಟ್, ಕೊಳ್ಳುವಾಗ ಮಾತ್ರ ನೂರು ರೂಪಾಯಿಗೂ ಚೌಕಾಸಿ ಮಾಡುವುದುಂಟು. ಅದರಲ್ಲಿ ಅಚ್ಚರಿಯೇನೂ ಇಲ್ಲ. ಮನೆ ಬಾಡಿಗೆ, ಮಕ್ಕಳ ಶಾಲೆಯ ಶುಲ್ಕ, ಊರಿಗೆ ಕಳುಹಿಸಬೇಕಾದ ಹಣ ಇವುಗಳ ನಡುವೆ ಹಾಸಿಗೆ ಇದ್ದಷ್ಟೇ ಕಾಲು ಚಾಚಬೇಕಾದವರು ನಾವು.

ಆದುದರಿಂದ, ಕಡಿಮೆ ಬೆಲೆಯ ರಕ್ಷಣಾ ಸಾಧನಗಳಿಗೆ ಹಣ ತೊಡಗಿಸುವುದು ಸಾರ್ಥಕವೆ ಎಂಬ ಪ್ರಶ್ನೆ ವಿಚಾರಯೋಗ್ಯವಾದುದು. ಉತ್ತರವನ್ನು ಮೊದಲಿಗೇ ಹೇಳಿಬಿಡಬಹುದು: ಕಡಿಮೆ ಬೆಲೆಯದು ಬೇರೆ, ಕಳಪೆಯದು ಬೇರೆ. ಮೊದಲನೆಯದನ್ನು ನಿಶ್ಚಿಂತೆಯಿಂದ ಕೊಳ್ಳಬಹುದು. ಎರಡನೆಯದನ್ನು ಪುಕ್ಕಟೆಯಾಗಿ ಕೊಟ್ಟರೂ ಧರಿಸಲಾಗದು. ಇವೆರಡರ ಅಂತರವನ್ನು ತಿಳಿಸುವುದೇ ಈ ಲೇಖನದ ಉದ್ದೇಶ.

ತಲೆಗೆ ಬೀಳುವ ಪೆಟ್ಟು

ಕೇಂದ್ರ ರಸ್ತೆ ಸಾರಿಗೆ ಸಚಿವಾಲಯದ ವರದಿಯಂತೆ 2022ರಲ್ಲಿ ನಮ್ಮ ದೇಶದ ರಸ್ತೆಗಳಲ್ಲಿ 1,68,491 ಜನ ಮಡಿದರು. ಅವರಲ್ಲಿ 74,897 ಮಂದಿ ದ್ವಿಚಕ್ರ ವಾಹನಗಳಲ್ಲಿ ಹೊರಟವರು. ಹೆಲ್ಮೆಟ್ ಧರಿಸದೆ ಸತ್ತವರ ಸಂಖ್ಯೆ 50,029. ಇವರಲ್ಲಿ 14,337 ಮಂದಿ ಹಿಂದೆ ಕುಳಿತವರು.

‘ನಾನು ನಿಧಾನವಾಗಿಯೇ ಓಡಿಸುತ್ತೇನೆ, ನನಗೇಕೆ?’ ಎಂದು ಕೇಳುವವರಿದ್ದಾರೆ. ಸ್ವಲ್ಪ ಲೆಕ್ಕ ಹಾಕಿ ನೋಡೋಣ. ನಿಂತ ಸ್ಕೂಟರಿನಿಂದ ವಾಲಿ ಬಿದ್ದರೂ ತಲೆ ಸುಮಾರು ಒಂದೂವರೆ ಮೀಟರ್ ಎತ್ತರದಿಂದ ಕೆಳಗೆ ಬರುತ್ತದೆ. ನೆಲಕ್ಕೆ ತಾಗುವ ಹೊತ್ತಿಗೆ ಅದರ ವೇಗ ಗಂಟೆಗೆ 20 ಕಿಲೋಮೀಟರಿನಷ್ಟಾಗಿರುತ್ತದೆ. ಈ ವೇಗ ಎಷ್ಟು ಅಂತರದಲ್ಲಿ ಇಳಿದು ಸೊನ್ನೆಯಾಗುತ್ತದೆ ಎಂಬುದರ ಮೇಲೆ ಮಿದುಳಿನ ಗತಿ ನಿಂತಿದೆ. ಬರಿಯ ತಲೆ ಕಾಂಕ್ರೀಟಿಗೆ ಬಡಿದು 5 ಮಿಲಿಮೀಟರಿನಲ್ಲಿ ನಿಂತಿತೆನ್ನಿ. ಆಗ ಅದರ ಮೇಲಿನ ಸರಾಸರಿ ಆಘಾತ ಗುರುತ್ವದ 300 ಪಟ್ಟು. ಅದೇ ತಲೆ 20 ಮಿಲಿಮೀಟರಿನಲ್ಲಿ ಮೆಲ್ಲಗೆ ನಿಂತರೆ ಆಘಾತ 75 ಪಟ್ಟಿಗೆ ಇಳಿಯುತ್ತದೆ. ಆ ಹೆಚ್ಚಿನ 15 ಮಿಲಿಮೀಟರನ್ನು ಒದಗಿಸುವುದೇ ಹೆಲ್ಮೆಟ್ಟಿನ ಕೆಲಸ.

ಹಾಗೆ ಒದಗಿಸುವುದು ಹೊಳೆಯುವ ಹೊರಚಿಪ್ಪಲ್ಲ. ಅದರೊಳಗಿನ ಗಟ್ಟಿ ಥರ್ಮಾಕೋಲ್ ಪದರ. ಹೊರಚಿಪ್ಪು ಪೆಟ್ಟನ್ನು ಅಗಲಕ್ಕೆ ಹರಡುತ್ತದೆ, ಥರ್ಮಾಕೋಲ್ ತಾನು ಜಜ್ಜಿಹೋಗಿ ಪೆಟ್ಟನ್ನು ನುಂಗಿಕೊಳ್ಳುತ್ತದೆ, ಗಲ್ಲದ ಪಟ್ಟಿ ಎಲ್ಲವನ್ನೂ ಸ್ಥಾನದಲ್ಲಿ ಹಿಡಿದಿಡುತ್ತದೆ. ಈ ಮೂರರಲ್ಲಿ ಒಂದಿಲ್ಲದಿದ್ದರೂ ಅದು ಹೆಲ್ಮೆಟ್ಟಲ್ಲ, ಟೋಪಿ.

ಈ ಅರಿವು ಇಂದು ನಿನ್ನೆಯದಲ್ಲ. ‘ಅರೇಬಿಯಾದ ಲಾರೆನ್ಸ್’ ಎಂದು ಹೆಸರಾಗಿದ್ದ ಟಿ. ಇ. ಲಾರೆನ್ಸ್ 1935ರ ಮೇ ತಿಂಗಳಲ್ಲಿ ಮೋಟಾರ್ ಸೈಕಲ್ಲಿನಿಂದ ಬಿದ್ದು ತಲೆಯ ಗಾಯದಿಂದ ತೀರಿಕೊಂಡರು. ಅವರನ್ನು ನೋಡಿದ ವೈದ್ಯರಲ್ಲೊಬ್ಬರಾದ ನರಶಸ್ತ್ರಚಿಕಿತ್ಸಕ ಹ್ಯೂ ಕೇರ್ನ್ಸ್ ಇಂತಹ ಸಾವುಗಳನ್ನು ಅಧ್ಯಯನ ಮಾಡಿ, 1941ರಲ್ಲಿ ಹೆಲ್ಮೆಟ್ಟಿನ ಮಹತ್ವವನ್ನು ವೈದ್ಯ ಪತ್ರಿಕೆಯಲ್ಲಿ ಪ್ರಕಟಿಸಿದರು. ಹಲವು ದೇಶಗಳ ಅಧ್ಯಯನಗಳನ್ನು ಒಟ್ಟುಗೂಡಿಸಿ 2008ರಲ್ಲಿ ಪ್ರಕಟವಾದ ಕಾಕ್ರೇನ್ ಸಮೀಕ್ಷೆಯಂತೆ, ಹೆಲ್ಮೆಟ್ ಧರಿಸಿದ ಸವಾರನಿಗೆ ಸಾವಿನ ಸಂಭವ ಶೇಕಡಾ 42ರಷ್ಟೂ ತಲೆಗಾಯದ ಸಂಭವ ಶೇಕಡಾ 69ರಷ್ಟೂ ಕಡಿಮೆ. ನಮ್ಮ ಬೆಂಗಳೂರಿನ ನಿಮ್ಹಾನ್ಸ್ ಸಂಸ್ಥೆಯೂ ತಲೆಗಾಯಗಳ ಬಗ್ಗೆ ದೀರ್ಘಕಾಲದಿಂದ ಸಂಶೋಧನೆ ನಡೆಸಿ ಹೆಲ್ಮೆಟ್ಟಿನ ಪರವಾಗಿಯೇ ವಾದಿಸುತ್ತ ಬಂದಿದೆ.

ಬೆಲೆಗೂ ರಕ್ಷಣೆಗೂ ಇರುವ ನಂಟು

ಹಾಗಾದರೆ ಹೆಚ್ಚು ಬೆಲೆ ಕೊಟ್ಟರೆ ಹೆಚ್ಚು ರಕ್ಷಣೆ ದೊರೆಯುವುದೆ? ಬ್ರಿಟಿಷ್ ಸರ್ಕಾರದ ಸಾರಿಗೆ ಇಲಾಖೆ ‘ಶಾರ್ಪ್’ ಎಂಬ ಯೋಜನೆಯ ಮೂಲಕ, ಅಂಗಡಿಯಲ್ಲಿ ಮಾರುವ ಹೆಲ್ಮೆಟ್ಟುಗಳನ್ನೇ ತಂದು ಒಡೆದು ಪರೀಕ್ಷಿಸಿ, ಒಂದರಿಂದ ಐದು ನಕ್ಷತ್ರಗಳವರೆಗೆ ಶ್ರೇಣಿ ಕೊಡುತ್ತದೆ. ಅಲ್ಲಿ ಅಗ್ಗದ ಕೆಲವು ಹೆಲ್ಮೆಟ್ಟುಗಳು ಮೇಲಿನ ಶ್ರೇಣಿ ಪಡೆದಿವೆ. ದುಬಾರಿಯಾದ ಕೆಲವು ಹಿಂದೆ ಬಿದ್ದಿವೆ. ಬೆಲೆಯೊಂದನ್ನೇ ನೋಡಿ ರಕ್ಷಣೆಯನ್ನು ಅಳೆಯಲಾಗದು ಎಂಬುದು ಇದರಿಂದ ಸ್ಪಷ್ಟ.

ಹೆಚ್ಚಿನ ಹಣಕ್ಕೆ ಸಾಮಾನ್ಯವಾಗಿ ದೊರೆಯುವುದು ಹಗುರವಾದ ಚಿಪ್ಪು, ಚೆನ್ನಾದ ಗಾಳಿಕಿಂಡಿ, ಗೀರು ಬೀಳದ ಮುಂಗಾಜು, ಬಿಚ್ಚಿ ಒಗೆಯಬಹುದಾದ ಒಳವಸ್ತ್ರ, ಅಂದವಾದ ಬಣ್ಣ. ಇವು ಸೌಕರ್ಯಗಳು; ಬೇಡವೆನ್ನುವಂತಿಲ್ಲ. ಆದರೆ ಅವಿಲ್ಲದೆಯೂ ಜೀವ ಉಳಿಯುತ್ತದೆ.

ಕಳಪೆಯನ್ನು ಗುರುತಿಸುವುದು ಹೇಗೆ?

ಭಾರತದಲ್ಲಿ ದ್ವಿಚಕ್ರ ಸವಾರರ ಹೆಲ್ಮೆಟ್ಟಿಗೆ ನಿಗದಿಯಾದ ಮಾನಕ ಐ.ಎಸ್. 4151. ಕೇಂದ್ರ ಸರ್ಕಾರದ 2020ರ ಆಜ್ಞೆಯಂತೆ 2021ರ ಜೂನ್ 1ರಿಂದ ಐ.ಎಸ್.ಐ. ಮುದ್ರೆಯಿಲ್ಲದ ಹೆಲ್ಮೆಟ್ಟನ್ನು ತಯಾರಿಸುವುದೂ ಮಾರುವುದೂ ಅಪರಾಧ. ಆದರೂ ರಸ್ತೆಬದಿಯಲ್ಲಿ ಇನ್ನೂರು ಮುನ್ನೂರು ರೂಪಾಯಿಗೆ ಮಾರುವ ಬುರುಡೆಗಳು ಕಣ್ಮರೆಯಾಗಿಲ್ಲ. ಕೊಳ್ಳುವ ಮುನ್ನ ಈ ಅಂಶಗಳನ್ನು ಗಮನಿಸಬೇಕು:

1. ಐ.ಎಸ್.ಐ. ಮುದ್ರೆಯ ಮೇಲ್ಗಡೆ ಮಾನಕದ ಸಂಖ್ಯೆಯೂ ಕೆಳಗಡೆ ‘ಸಿ.ಎಂ./ಎಲ್.’ ಎಂದು ಆರಂಭವಾಗುವ ಪರವಾನಗಿ ಸಂಖ್ಯೆಯೂ ಇರಬೇಕು. ಮುದ್ರೆಯನ್ನು ನಕಲು ಮಾಡುವವರೂ ಇರುವುದರಿಂದ, ಆ ಸಂಖ್ಯೆಯನ್ನು ಭಾರತೀಯ ಮಾನಕ ಸಂಸ್ಥೆಯ ‘ಬಿ.ಐ.ಎಸ್. ಕೇರ್’ ಎಂಬ ಮೊಬೈಲ್ ಆ್ಯಪ್‌ನಲ್ಲಿ ತಾಳೆ ನೋಡಬಹುದು.

2. ಒಳವಸ್ತ್ರದ ಹಿಂದೆ ಗಟ್ಟಿ ಥರ್ಮಾಕೋಲ್ ಇದೆಯೆ ಎಂದು ಹೆಬ್ಬೆರಳಿನಿಂದ ಒತ್ತಿ ನೋಡಬೇಕು. ಬರಿಯ ಸ್ಪಂಜು ಇದ್ದರೆ ಅಲ್ಲಿಯೇ ಬಿಟ್ಟು ಬರಬೇಕು.

3. ಗಲ್ಲದ ಪಟ್ಟಿ ಕಟ್ಟಿದ ಮೇಲೆ ಹೆಲ್ಮೆಟ್ಟಿನ ಹಿಂಬದಿಯನ್ನು ಹಿಡಿದು ಮುಂದಕ್ಕೆ ಎತ್ತಿದರೆ ಅದು ಕಳಚಿ ಬರಬಾರದು. ಸಡಿಲವಾದ ಹೆಲ್ಮೆಟ್ಟು ಬೀಳುವಾಗ ತಲೆಯನ್ನು ಬಿಟ್ಟು ಹಾರಿಹೋಗುತ್ತದೆ.

4. ಹಳೆಯ ಹೆಲ್ಮೆಟ್ಟನ್ನು ಇನ್ನೊಬ್ಬರಿಂದ ಕೊಳ್ಳಬಾರದು. ಒಮ್ಮೆ ಜಜ್ಜಿದ ಥರ್ಮಾಕೋಲ್ ಮತ್ತೆ ಉಬ್ಬುವುದಿಲ್ಲ, ಹೊರಗಿನಿಂದ ಅದು ಕಾಣುವುದೂ ಇಲ್ಲ. ನಮ್ಮದೇ ಆದರೂ ಬಲವಾದ ಪೆಟ್ಟು ತಿಂದ ಮೇಲೆ ಬದಲಾಯಿಸಲೇಬೇಕು.

ಐ.ಎಸ್.ಐ. ಮುದ್ರೆಯ ನಿಜವಾದ ಹೆಲ್ಮೆಟ್ಟು ಸಾವಿರ ರೂಪಾಯಿಯ ಆಸುಪಾಸಿನಲ್ಲಿಯೇ ಸಿಗುತ್ತದೆ. ಮುಖವನ್ನೂ ಗಲ್ಲವನ್ನೂ ಮುಚ್ಚುವ ಪೂರ್ಣ ಹೆಲ್ಮೆಟ್ಟನ್ನೇ ಆರಿಸುವುದು ಮೇಲು. ಅರ್ಧ ಹೆಲ್ಮೆಟ್ಟು ದವಡೆಯನ್ನು ಕಾಯುವುದಿಲ್ಲ.

ಜಾಕೆಟ್, ಕೈಗವಸು, ಬೂಟು

ಈ ವಸ್ತುಗಳಲ್ಲಿ ಗ್ರಾಹಕನಿಗೆ ಹೆಲ್ಮೆಟ್ಟಿನಷ್ಟು ಸುಲಭವಾದ ಗುರುತಿಲ್ಲ; ಆದ್ದರಿಂದ ಎಚ್ಚರ ಹೆಚ್ಚು ಬೇಕು. ಆಸ್ಟ್ರೇಲಿಯಾದಲ್ಲಿ ಅಪಘಾತಕ್ಕೆ ಸಿಕ್ಕಿದ 212 ಸವಾರರನ್ನು ಕುರಿತ ಅಧ್ಯಯನವೊಂದು 2011ರಲ್ಲಿ ಪ್ರಕಟವಾಯಿತು. ಸವಾರಿಗೆಂದೇ ತಯಾರಾದ ಉಡುಪು ಧರಿಸಿದ್ದವರು ಆಸ್ಪತ್ರೆ ಸೇರಿದ್ದು ಕಡಿಮೆ. ಆದರೆ ಕೈಗವಸುಗಳಲ್ಲಿ ಸುಮಾರು ಕಾಲುಭಾಗವೂ ಜಾಕೆಟ್ಟುಗಳಲ್ಲಿ ಹೆಚ್ಚುಕಡಿಮೆ ಶೇಕಡಾ 30ರಷ್ಟೂ ಅಪಘಾತದಲ್ಲಿ ಹರಿದು ವಿಫಲವಾಗಿದ್ದವು. ನಮಗೆ ಉಪಯುಕ್ತವಾದ ಇನ್ನೊಂದು ಸಂಗತಿಯೂ ಅದರಲ್ಲಿದೆ: ಸವಾರಿಗೆಂದು ಮಾಡದ ಸಾಧಾರಣ ಬೂಟು ಕೂಡ, ಮಾಮೂಲು ಷೂಗಳಿಗಿಂತ ಗಾಯದ ಸಂಭವವನ್ನು ಅರ್ಧಕ್ಕೂ ಕೆಳಗಿಳಿಸಿತ್ತು. ಕಾರ್ಖಾನೆಯ ಕೆಲಸಗಾರರಿಗೆ ಚಿರಪರಿಚಿತವಾದ, ಹರಡನ್ನು ಮುಚ್ಚುವ ಗಟ್ಟಿ ಬೂಟು ಅಗ್ಗದ ಉತ್ತಮ ರಕ್ಷಣೆ. ಚಪ್ಪಲಿಯಲ್ಲಿ ಹೆದ್ದಾರಿಗೆ ಇಳಿಯುವುದು ಸಲ್ಲದು.

ಬಿದ್ದಾಗ ಮೊದಲು ನೆಲಕ್ಕೆ ಊರುವುದು ಅಂಗೈ. ಅಂಗೈಗೆ ಎರಡು ಪದರ ತೊಗಲಿರುವ, ಮಣಿಕಟ್ಟಿಗೆ ಬಿಗಿಯುವ ಪಟ್ಟಿಯಿರುವ ಕೈಗವಸು ಸಾಧಾರಣ ಬೆಲೆಯದಾದರೂ ಕೊಳ್ಳತಕ್ಕದ್ದು. ಜಾಕೆಟ್ ಕೊಳ್ಳುವಾಗ ಮೊಣಕೈ, ಭುಜಗಳಲ್ಲಿರುವ ರಕ್ಷಕ ತುಂಡನ್ನು ಹೊರಗೆ ತೆಗೆದು ನೋಡಬೇಕು. ಅದರ ಮೇಲೆ ‘ಇ.ಎನ್. 1621’ ಎಂಬ ಐರೋಪ್ಯ ಮಾನಕದ ಅಚ್ಚಿದ್ದರೆ ಅದು ಪರೀಕ್ಷೆಗೊಳಗಾದ ವಸ್ತು. ಬರಿಯ ಸ್ಪಂಜಿನ ತುಂಡು ಇದ್ದರೆ ಆ ಜಾಕೆಟ್ ಚಳಿಗೆ ಮಾತ್ರ. ನಮ್ಮ ಕರಾವಳಿಯಲ್ಲಿ ಅದೂ ಬೇಡ. ಅಂತಹುದಕ್ಕೆ ಹಣ ಹಾಕುವ ಬದಲು ಜಾಕೆಟ್ಟಿಲ್ಲದೆ ನಿಧಾನವಾಗಿ ಸಾಗುವುದೇ ಲೇಸು. ಹುಸಿ ಧೈರ್ಯವಾದರೂ ಇರುವುದಿಲ್ಲ.

ಸೆಕೆಯ ಮಾತು

ವಿಜಯವಾಡದ ರೋಹಿಣಿ ಕಾರ್ತೆಯ ಬಿಸಿಲನ್ನೂ ವಿಶಾಖಪಟ್ಟಣದ ಬೆವರನ್ನೂ ಬಲ್ಲವರಿಗೆ ದಪ್ಪ ಜಾಕೆಟ್ಟಿನ ಉಪದೇಶ ಹಾಸ್ಯವೆನಿಸಬಹುದು. ಮನೆಯ ಗೂಟಕ್ಕೆ ನೇತುಬಿದ್ದ ಸಾಧನ ಎಷ್ಟು ಉತ್ತಮವಾದರೂ ವ್ಯರ್ಥವೇ. ಬಲೆಯಂತಹ ಬಟ್ಟೆಯ, ಗಾಳಿಯಾಡುವ ಜಾಕೆಟ್ಟುಗಳು ಇಲ್ಲಿಗೆ ಹೊಂದುತ್ತವೆ. ಹೆಲ್ಮೆಟ್ಟಿನೊಳಗೆ ತೆಳುವಾದ ಹತ್ತಿಯ ಬಟ್ಟೆ ಕಟ್ಟಿಕೊಂಡು ಅದನ್ನು ನಿತ್ಯ ಒಗೆದರೆ ಬೆವರಿನ ವಾಸನೆ, ನವೆಗಳ ಉಪದ್ರವ ತಗ್ಗುತ್ತದೆ. ಒಳಭಾಗವನ್ನು ಸಾಬೂನು ನೀರಿನಿಂದ ಮಾತ್ರ ಒರೆಸಬೇಕು. ಪೆಟ್ರೋಲು, ತಿನ್ನರ್ ತಾಗಿಸಿದರೆ ಥರ್ಮಾಕೋಲ್ ಕರಗಿಹೋಗುತ್ತದೆ.

ಹಣವನ್ನು ಹಂಚುವ ಕ್ರಮ

ಕೈಯಲ್ಲಿರುವ ಹಣ ಐದು ಸಾವಿರವೆಂದುಕೊಳ್ಳೋಣ. ಅದನ್ನೆಲ್ಲ ಒಂದೇ ದುಬಾರಿ ಹೆಲ್ಮೆಟ್ಟಿಗೆ ಸುರಿದು ಹಿಂದೆ ಕುಳಿತ ಹೆಂಡತಿಯನ್ನು ಬರಿದಲೆಯಲ್ಲಿ ಕರೆದೊಯ್ಯುವುದು ವಿವೇಕವಲ್ಲ. ಮೊದಲು ಇಬ್ಬರಿಗೂ ಒಂದೊಂದು ಐ.ಎಸ್.ಐ. ಹೆಲ್ಮೆಟ್ಟು, ಮಗುವಿದ್ದರೆ ಅದರ ಅಳತೆಯದೊಂದು, ಅನಂತರ ಬೂಟು, ಕೈಗವಸು, ಉಳಿದರೆ ಜಾಕೆಟ್. ವಿಶಾಖಪಟ್ಟಣದಲ್ಲಿ 2024ರ ಸೆಪ್ಟೆಂಬರ್ 1ರಿಂದ ಹಿಂಬದಿ ಸವಾರರಿಗೂ ಹೆಲ್ಮೆಟ್ ಕಡ್ಡಾಯವೆಂದು ಬಿಗಿಗೊಳಿಸಲಾಯಿತು. ದಂಡದ ಭಯಕ್ಕೆ ಹೆಸರಿಗೊಂದು ಟೋಪಿ ಕೊಂಡರೆ ಪೊಲೀಸರ ಕಣ್ಣಿಗೆ ಮಣ್ಣೆರಚಬಹುದು, ರಸ್ತೆಯ ಕಾಂಕ್ರೀಟಿಗೆ ಎರಚಲಾಗದು.

ಊರಿನಲ್ಲಾದರೆ ಆಪತ್ತಿಗೆ ಅಣ್ಣತಮ್ಮಂದಿರು, ನೆರೆಹೊರೆಯವರು ಓಡಿ ಬರುತ್ತಾರೆ. ಇಲ್ಲಿಗೆ ಅವರು ಬಂದು ಮುಟ್ಟಲು ಒಂದು ರಾತ್ರಿಯ ರೈಲು ಪ್ರಯಾಣವಾದರೂ ಬೇಕು. ದುಡಿಯುವ ಒಬ್ಬನೇ ಆಸ್ಪತ್ರೆಯಲ್ಲಿ ಮಲಗಿದರೆ ಮನೆಯ ಗತಿಯೇನೆಂದು ಬಿಡಿಸಿ ಹೇಳಬೇಕಾಗಿಲ್ಲ. ಓದುಗರು ಇಂದೇ ತಮ್ಮ ಮನೆಯ ಹೆಲ್ಮೆಟ್ಟುಗಳನ್ನು ತಿರುಗಿಸಿ ಮುದ್ರೆಯನ್ನೂ ಪಟ್ಟಿಯನ್ನೂ ಪರೀಕ್ಷಿಸಿ, ಕಳಪೆಯದಿದ್ದರೆ ಯಾರೂ ಮತ್ತೆ ಧರಿಸದಂತೆ ಒಡೆದು ಹಾಕಿ, ಸಾಧಾರಣ ಬೆಲೆಯದಾದರೂ ಸಾಚಾ ಆದುದನ್ನು ತರಬೇಕೆಂದು ವಿನಂತಿ.